ಘಟ್ಟದ ಮೇಲಿನ ಅಡುಗೆಮನೆಯಲ್ಲಿ ಲಾಬ್ಸ್ಟರ್ ಬಾಲ

ಮಳೆ ಹಿಡಿದ ಮೇಲೆ ಗದ್ದೆಯ ಏಡಿ ತಂದು ಸಾರು ಮಾಡುವ ಬಗೆಯನ್ನು ಚಿಕ್ಕಮಗಳೂರು ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಏಡಿಯ ಅಭ್ಯಾಸವನ್ನೇ ನೆಚ್ಚಿಕೊಂಡು ಲಾಬ್ಸ್ಟರಿಗೆ ಕೈಹಾಕಿದರೆ ಮೋಸಹೋಗುತ್ತೇವೆ. ಏಡಿಸಾರು ಒಲೆಯ ಮೇಲೆ ಹತ್ತು ನಿಮಿಷ ಹೆಚ್ಚು ಕುದಿದರೂ ಕೆಡುವುದಿಲ್ಲ. ಲಾಬ್ಸ್ಟರಿನ ಬಾಲ ಒವನ್‌ನಲ್ಲಿ ನಾಲ್ಕು ನಿಮಿಷ ಹೆಚ್ಚು ಕುಳಿತರೆ ಸಾಕು, ಹಲ್ಲಿಗೆ ರಬ್ಬರಿನಂತೆ ಸಿಗುತ್ತದೆ. ಮಸಾಲೆಯ ಹದ ತಪ್ಪಿ ಈ ಅಡುಗೆ ಹಾಳಾದದ್ದನ್ನು ನಾನು ಕಂಡಿಲ್ಲ. ಹಾಳಾಗುವುದು ಎರಡೇ ಕಡೆ: ಹೆಪ್ಪು ಬಿಡಿಸುವಾಗಿನ ಅವಸರದಲ್ಲಿ ಮತ್ತು ಒವನ್‌ನಿಂದ ಹೊರತೆಗೆಯುವಾಗಿನ ಉದಾಸೀನದಲ್ಲಿ.

ನಮ್ಮ ಕರಾವಳಿಯ ಲಾಬ್ಸ್ಟರಿಗೆ ವಿದೇಶಿ ಚಿತ್ರಗಳಲ್ಲಿ ಕಾಣುವಂಥ ದಪ್ಪ ಕೊಂಡಿಗಳಿರುವುದಿಲ್ಲ, ಉದ್ದನೆಯ ಮುಳ್ಳುಮೀಸೆಗಳಿರುತ್ತವೆ. ಆದ್ದರಿಂದ ತಿನ್ನುವ ಮಾಂಸವೆಲ್ಲ ಹೆಚ್ಚುಕಡಿಮೆ ಬಾಲದಲ್ಲಿಯೇ ಇದೆ. ಒಬ್ಬರಿಗೆ 120ರಿಂದ 170 ಗ್ರಾಂ ತೂಗುವ ಒಂದು ಬಾಲ ಸಾಕು. ಅದಕ್ಕಿಂತ ತೀರ ಚಿಕ್ಕದನ್ನು ಕೊಳ್ಳದಿರುವುದು ಒಳ್ಳೆಯದು, ಏಕೆಂದರೆ ಅದು ಬೇಗ ಒಣಗುತ್ತದೆ. ಅಲ್ಲದೆ ಮರಿಗಳ ಬೇಟೆಯನ್ನು ತಡೆಯಲೆಂದೇ ಕೇಂದ್ರ ಸರ್ಕಾರವು 2003ರಲ್ಲಿ, ರಫ್ತಾಗುವ ಲಾಬ್ಸ್ಟರಿಗೆ ಜಾತಿಯನ್ನು ನೋಡಿ 200, 300, 500 ಗ್ರಾಂ ಎಂಬಂತೆ ಕನಿಷ್ಠ ತೂಕವನ್ನು ಗೊತ್ತುಪಡಿಸಿದೆ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ ಆಗ ‘ನಿನ್ನೆ ಹಿಡಿದದ್ದು’ ಎಂಬ ಮಾತನ್ನು ಅಷ್ಟಾಗಿ ನಂಬಬೇಕಾಗಿಲ್ಲ. ಹೆಪ್ಪುಗಟ್ಟಿದ ಮಾಲಿನಲ್ಲಿ ತಪ್ಪೇನೂ ಇಲ್ಲ. ಪೊಟ್ಟಣದೊಳಗೆ ಐಸಿನ ಹರಳುಗಳು ರಾಶಿಯಾಗಿ ಕೂತಿದ್ದರೆ ಅದು ಒಮ್ಮೆ ಕರಗಿ ಮತ್ತೆ ಗಟ್ಟಿಯಾದದ್ದೆಂದು ತಿಳಿಯಬೇಕು. ಅಮೋನಿಯದ ಘಾಟು ಮೂಗಿಗೆ ಬಡಿದರಂತೂ ಬೆಲೆ ಎಷ್ಟೇ ಇಳಿಸಿದರೂ ಬೇಡ.

ಮಂಗಳೂರಿನಿಂದ ಚಾರ್ಮಾಡಿ ಘಾಟಿಯ ಮೇಲೆ ಚಿಕ್ಕಮಗಳೂರಿಗೆ ಸುಮಾರು 150 ಕಿಲೋಮೀಟರ್ ದಾರಿ. ಮೊದಲ ಸಲ ನಾನು ಥರ್ಮೋಕೋಲ್ ಡಬ್ಬಿಗೆ ಐಸು ಕಡಿಮೆ ಹಾಕಿಸಿಕೊಂಡು ಹೊರಟಿದ್ದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆಂದು ಇಳಿದವರು ಮಾತಿಗೆ ಕೂತು ಒಂದು ಗಂಟೆ ಕಳೆದೆವು. ಮನೆಗೆ ಬಂದಾಗ ಅರ್ಧ ಕರಗಿದ್ದ ಬಾಲಗಳನ್ನು ಹಾಗೆಯೇ ಫ್ರೀಜರಿಗೆ ತುರುಕಿದೆ. ಮುಂದಿನ ಭಾನುವಾರ ಬೇಯಿಸಿದಾಗ ಮಾಂಸ ಎಳೆಎಳೆಯಾಗಿ ಬಿಡುವ ಬದಲು ಹಿಟ್ಟುಹಿಟ್ಟಾಗಿತ್ತು. ನಿಧಾನವಾಗಿ ಗಟ್ಟಿಯಾಗುವ ಮನೆಯ ಫ್ರೀಜರಿನಲ್ಲಿ ಐಸಿನ ಹರಳುಗಳು ದೊಡ್ಡದಾಗಿ ಬೆಳೆದು ಮಾಂಸದ ಕೋಶಗಳನ್ನು ಹರಿದುಹಾಕುತ್ತವೆ ಎಂಬುದನ್ನು ಆಮೇಲೆ ತಿಳಿದುಕೊಂಡೆ. ದಾರಿಯಲ್ಲಿ ಕರಗಿತೇ, ಅದೇ ದಿನ ಬೇಯಿಸಿಬಿಡಬೇಕು.

ಹೆಪ್ಪು ಬಿಡಿಸಲು ಹಿಂದಿನ ರಾತ್ರಿಯೇ ಬಾಲಗಳನ್ನು ತಟ್ಟೆಯಲ್ಲಿಟ್ಟು ಫ್ರಿಜ್ಜಿನ ಕೆಳಗಿನ ಅಂತಸ್ತಿಗೆ ಇಳಿಸಬೇಕು. ಮರೆತಿದ್ದರೆ ನೀರು ಹೋಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ತಣ್ಣೀರಿನ ಪಾತ್ರೆಯಲ್ಲಿ ಮುಳುಗಿಸಿ, ನಡುವೆ ಒಮ್ಮೆ ನೀರು ಬದಲಿಸಿದರೆ ಮುಕ್ಕಾಲು ಗಂಟೆಯಲ್ಲಿ ಆಗುತ್ತದೆ. ಬಿಸಿನೀರು ಬೇಡ, ಮೈಕ್ರೋವೇವ್ ಬೇಡವೇ ಬೇಡ. ಒಳಗೆ ಐಸು ಉಳಿದ ಬಾಲವನ್ನು ಬೇಯಿಸಿದರೆ ಅಂಚು ಒರಟಾಗಿ, ನಡುಭಾಗ ಹಸಿಯಾಗಿ, ಮಾಂಸ ಚಿಪ್ಪಿಗೆ ಅಂಟಿಕೊಂಡೇ ಕೂರುತ್ತದೆ.

ಸೀಳುವ ಕೆಲಸಕ್ಕೆ ಚಾಕುವಿಗಿಂತ ಗಟ್ಟಿಮುಟ್ಟಾದ ಕತ್ತರಿ ಮೇಲು. ಅಂಚಿನ ಮುಳ್ಳು ಚುಚ್ಚುವುದರಿಂದ ಬಾಲವನ್ನು ದಪ್ಪ ಬಟ್ಟೆಯಲ್ಲಿ ಹಿಡಿದು, ಬೆನ್ನು ಮೇಲಾಗಿಟ್ಟು, ಅಗಲ ಬಾಯಿಯ ಕಡೆಯಿಂದ ಕತ್ತರಿಯ ತುದಿಯನ್ನು ಚಿಪ್ಪಿನಡಿಗೆ ತೂರಿಸಿ ನಡುಗೆರೆಯಲ್ಲಿ ಕತ್ತರಿಸುತ್ತ ಹೋಗಬೇಕು. ಬೀಸಣಿಗೆಯಂಥ ಬಾಲದ ರೆಕ್ಕೆ ಬರುವ ಮೊದಲೇ ನಿಲ್ಲಿಸಬೇಕು. ಚಿಪ್ಪಿನ ಎರಡು ಹೋಳುಗಳನ್ನು ಹೆಬ್ಬೆರಳುಗಳಿಂದ ಅಗಲಿಸಿದಾಗ ಚಟಚಟನೆ ಸದ್ದಾಗುತ್ತದೆ, ಹೆದರಬೇಕಾಗಿಲ್ಲ. ಆಮೇಲೆ ಬೆರಳನ್ನು ಚಿಪ್ಪಿಗೂ ಮಾಂಸಕ್ಕೂ ನಡುವೆ ಮೆಲ್ಲನೆ ಆಡಿಸಿ, ರೆಕ್ಕೆಯ ಬುಡದಲ್ಲಿ ಮಾತ್ರ ಅಂಟಿರುವಂತೆ ಮಾಂಸವನ್ನು ಇಡಿಯಾಗಿ ಮೇಲಕ್ಕೆತ್ತಿ, ಚಿಪ್ಪನ್ನು ಅದರಡಿ ಕೂಡಿಸಿ, ಅದರ ಮೇಲೆಯೇ ಮಾಂಸವನ್ನು ಮಲಗಿಸಬೇಕು. ಸಿಗಡಿಯಲ್ಲಿರುವಂಥದ್ದೇ ಕಪ್ಪು ದಾರ ಕಂಡರೆ ಎಳೆದು ತೆಗೆಯಬೇಕು. ತೊಳೆದ ನೀರನ್ನು ಬಟ್ಟೆಯಿಂದ ಪೂರ್ತಿ ಒತ್ತಿ ತೆಗೆಯದಿದ್ದರೆ ಬೆಣ್ಣೆ ನಿಲ್ಲದೆ ಜಾರಿಹೋಗುತ್ತದೆ.

ಎರಡು ಬಾಲಗಳಿಗೆ ಎರಡು ದೊಡ್ಡ ಚಮಚ ಕರಗಿಸಿದ ಬೆಣ್ಣೆ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಆಗತಾನೇ ಕುಟ್ಟಿದ ಅರ್ಧ ಚಮಚ ಕಾಳುಮೆಣಸು ಸಾಕು. ತೋಟದ ಮೆಣಸು ಮನೆಯಲ್ಲಿರುವವರು ಅಂಗಡಿಯ ಪುಡಿಗೆ ಹೋಗಬಾರದು. ಉಪ್ಪು ಮಾತ್ರ ಚಿಟಿಕೆಯಷ್ಟೇ, ಏಕೆಂದರೆ ಬಾಲದಲ್ಲಿಯೇ ಕಡಲ ಉಪ್ಪಿದೆ. ನಿಂಬೆರಸವನ್ನು ಬೆಂದ ಮೇಲೆ ಹಿಂಡಬೇಕು. ಗರಂಮಸಾಲೆ ಹಾಕುವವರನ್ನು ನಾನು ತಡೆಯುವುದಿಲ್ಲ, ಆದರೆ ಅಷ್ಟು ದುಡ್ಡು ಕೊಟ್ಟು ಅದರ ಸಿಹಿಯನ್ನು ಮುಚ್ಚಿಹಾಕುವುದೇಕೆಂದು ಕೇಳುತ್ತೇನೆ.

ಒವನ್ 220 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾದಿರಬೇಕು. ತೋಟದ ಮನೆಗಳಲ್ಲಿ ಮಳೆಗಾಲದ ವೋಲ್ಟೇಜ್ ಇಳಿದಾಗ ಓಟಿಜಿ ಎಂಬ ಸಣ್ಣ ವಿದ್ಯುತ್ ಒವನ್ ಕಾಯುವುದು ಬಹಳ ನಿಧಾನವಾಗುವುದರಿಂದ ಹತ್ತು ನಿಮಿಷದ ಲೆಕ್ಕವನ್ನು ನೆಚ್ಚದೆ, ಒಳಗಿಡುವ ಸಣ್ಣ ಥರ್ಮಾಮೀಟರ್ ನೋಡಿಯೇ ಟ್ರೇ ಇಡುವುದು ಕ್ಷೇಮ. 150 ಗ್ರಾಂ ಬಾಲಕ್ಕೆ ನಡು ಅಂತಸ್ತಿನಲ್ಲಿ ಎಂಟರಿಂದ ಹತ್ತು ನಿಮಿಷ ಹಿಡಿಯುತ್ತದೆ. ಚಿಪ್ಪು ಕೆಂಪಾದ ಮಾತ್ರಕ್ಕೆ ಬೆಂದಿತೆಂದು ತಿಳಿಯಬಾರದು. ಚಿಪ್ಪಿನಲ್ಲಿ ಪ್ರೋಟೀನಿನ ಹಿಡಿತದಲ್ಲಿದ್ದ ಅಸ್ಟಾಕ್ಸಾಂಥಿನ್ ಎಂಬ ಕೆಂಬಣ್ಣ ಬಿಸಿ ತಾಗಿದೊಡನೆ ಬಿಡುಗಡೆಯಾಗುತ್ತದೆ, ಒಳಗಿನ ಮಾಂಸ ಆಗಿನ್ನೂ ಹಸಿಯೇ ಇರಬಹುದು. ನೋಡಬೇಕಾದದ್ದು ಮಾಂಸದ ದಪ್ಪ ಭಾಗವನ್ನು: ಗಾಜಿನಂತಿದ್ದ ಪಾರದರ್ಶಕತೆ ಹೋಗಿ ಹಾಲಿನ ಬಿಳುಪು ಬಂದಿರಬೇಕು, ಒತ್ತಿದರೆ ಪುಟಿಯಬೇಕು. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಇದ್ದರೆ 60 ಡಿಗ್ರಿ ತೋರಿಸಿದಾಗ ಹೊರತೆಗೆದು ಎರಡು ನಿಮಿಷ ಬಿಟ್ಟರೆ, ಒಳಗಿನ ಕಾವಿನಲ್ಲಿಯೇ ಅದು ಸುರಕ್ಷಿತವೆನ್ನುವ 63ಕ್ಕೆ ಏರುತ್ತದೆ. ಏರದಿದ್ದರೆ ಮತ್ತೊಂದು ನಿಮಿಷ ಒಳಗಿಡಬಹುದು.

ಒವನ್ ಇಲ್ಲದವರು ಕಡುಬಿನ ಪಾತ್ರೆಯಲ್ಲಿ ಹಬೆಗಿಡಬಹುದು. ಸುಮಾರು ಸಾವಿರ ಮೀಟರ್ ಎತ್ತರದ ನಮ್ಮೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುವುದರಿಂದ ಕರಾವಳಿಯವರು ಹೇಳುವ ಸಮಯಕ್ಕೆ ಅರ್ಧ ನಿಮಿಷ ಸೇರಿಸಿಕೊಂಡರಾಯಿತು.

ಸಿಗಡಿ, ಏಡಿ ತಿಂದರೆ ಮೈ ತುರಿಸುವವರಿಗೆ ಇದೂ ಆಗದು; ನೆಂಟರನ್ನು ಬಡಿಸುವ ಮೊದಲೇ ಕೇಳಿಕೊಳ್ಳಬೇಕು. ಜೊತೆಗೆ ಬಿಸಿ ಅಕ್ಕಿರೊಟ್ಟಿಯಿದ್ದರೆ ಟ್ರೇಯಲ್ಲಿ ಉಳಿದ ಬೆಣ್ಣೆ ವ್ಯರ್ಥವಾಗುವುದಿಲ್ಲ. ತಿಂದುಳಿದ ಚಿಪ್ಪುಗಳನ್ನು ಎಸೆಯದೆ, ಈರುಳ್ಳಿ ಮತ್ತು ಎಂಟು ಹತ್ತು ಕಾಳುಮೆಣಸಿನೊಂದಿಗೆ ಅರ್ಧ ಗಂಟೆ ಕುದಿಸಿ ಸೋಸಿಟ್ಟುಕೊಂಡರೆ ಮರುದಿನದ ಸಿಗಡಿ ಸಾರಿಗೆ ಆ ನೀರನ್ನೇ ಹುಯ್ಯಬಹುದು.