ಲೇತ್‌ನಲ್ಲಿ ಕಡೆಸಿದ ಹಿತ್ತಾಳೆಯ ಸ್ಯಾಡ್ಲ್: ನನ್ನ ಅನುಭವ

ಕಾಸರಗೋಡಿನ ಕುಂಬಳೆಯ ಲೇತ್ ಒಂದರಲ್ಲಿ ಕಡೆಸಿದ, ಗಿಟಾರಿನ ಬುಡದಲ್ಲಿ ತಂತಿಗಳನ್ನು ಹೊತ್ತು ನಿಲ್ಲುವ ಹಿತ್ತಾಳೆಯ ಸ್ಯಾಡ್ಲ್‌ಗಳು ನನ್ನ ಟೆಲಿಕಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ಎರಡು ಮಳೆಗಾಲ ಕಳೆದ ಮೇಲೂ ಸ್ಕ್ರೂ ಕಚ್ಚದೆ, ಶ್ರುತಿ ಕೆಡದೆ ನಿಂತಿವೆ. ಊರಿನ ಲೇತ್‌ನಲ್ಲಿ ಆಗುವ ಕೆಲಸವಲ್ಲ ಇದು ಎಂದು ಮಂಗಳೂರಿನ ರಿಪೇರಿಯವರೂ ಜೊತೆಗೆ ನುಡಿಸುವ ಗೆಳೆಯರೂ ಹೇಳಿದ್ದರಿಂದ, ಆದ ಬಗೆಯನ್ನು ಬರೆಯುತ್ತಿದ್ದೇನೆ.

ಗಿಟಾರಿನೊಂದಿಗೆ ಬಂದ ಸ್ಯಾಡ್ಲ್‌ಗಳು ಸತುವಿನ ಎರಕದವು, ಮೇಲೆ ಕ್ರೋಮ್ ಲೇಪ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಕಾಸರಗೋಡಿನಲ್ಲಿ, ಕಡಲಿನ ಉಪ್ಪುಗಾಳಿಗೆ ಉತ್ಸವದ ರಸಮಂಜರಿಗಳಲ್ಲಿ ಕೈಯಿಂದ ಇಳಿಯುವ ಬೆವರೂ ಸೇರಿದರೆ, ಸತು ಬಿಳಿ ಪುಡಿಯಾಗಿ ಉಬ್ಬಿ, ತಂತಿಯ ಎತ್ತರ ಹೊಂದಿಸುವ ಸ್ಕ್ರೂಗಳನ್ನು ಒಳಗೇ ಕಚ್ಚಿ ಹಿಡಿಯುತ್ತದೆ. ಸೀಮೆಎಣ್ಣೆ, ಡೀಸೆಲ್, ಸೋಲ್ಡರಿಂಗ್ ಐರನ್ನಿನ ಬಿಸಿ ಎಲ್ಲವನ್ನೂ ಕೊಟ್ಟು ನೋಡಿದೆ. ಸ್ಕ್ರೂವಿನ ತಲೆ ಸವೆದುಹೋಯಿತೇ ಹೊರತು ಒಂದು ಸುತ್ತೂ ತಿರುಗಲಿಲ್ಲ. ಸಾವಿರದ ಇನ್ನೂರೋ ಮುನ್ನೂರೋ ಕೊಟ್ಟು ತರಿಸಿದ ಉಕ್ಕಿನ ಸೆಟ್ ಮಳೆಯ ಆಟಿ ತಿಂಗಳು ಮುಗಿಯುವ ಮೊದಲೇ ಕೆಂಪಾಯಿತು. ಹೊರದೇಶದ ಹಿತ್ತಾಳೆಯ ಸೆಟ್ಟಿಗೆ ಸುಂಕವೂ ಸೇರಿ ನಾಲ್ಕು ಸಾವಿರ ದಾಟುತ್ತಿತ್ತು.

ಹಿತ್ತಾಳೆಯ ಮೇಲೆ ನನಗೆ ನಂಬಿಕೆ ಬಂದದ್ದು ಅಡಿಕೆ ತೋಟದಿಂದ. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಬೇಕು. ಮೈಲುತುತ್ತಿನ ನೀರು ಕಬ್ಬಿಣವನ್ನು ತಿಂದುಬಿಡುತ್ತದೆ. ನಮ್ಮ ಮನೆಯ ಹಳೆಯ ಪಂಪಿನ ಹಿತ್ತಾಳೆಯ ನಳಿಕೆ ಮಾತ್ರ ಇಂದಿಗೂ ಕೈಯಲ್ಲೇ ತಿರುಗುತ್ತದೆ. ಅಲ್ಲದೆ 1950ರಲ್ಲಿ ಅಮೆರಿಕದ ಗಿಟಾರ್ ತಯಾರಕ ಲಿಯೊ ಫೆಂಡರ್ ಈ ಮಾದರಿಯನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿದ್ದದ್ದೂ ಎರಡೆರಡು ತಂತಿಗೆ ಒಂದರಂತೆ ಸ್ಯಾಡ್ಲ್ ಆಗಿ ಕೂರುವ ಮೂರು ಹಿತ್ತಾಳೆಯ ಉರುಳೆಗಳೇ.

ಮಂಗಳೂರಿನ ಬಂದರಿನಲ್ಲಿ 8 ಮಿ.ಮೀ. ದಪ್ಪದ ಹಿತ್ತಾಳೆ ಸರಳು ಅಡಿಗೆ ನೂರು ರೂಪಾಯಿಯೊಳಗೆ ಸಿಕ್ಕಿತು. ಒಂದು ಅಡಿಯಲ್ಲಿ ನಾಲ್ಕು ಗಿಟಾರಿಗೆ ಸಾಲುವಷ್ಟು ಉರುಳೆಗಳಾಗುತ್ತವೆ. ಉದ್ದವನ್ನು ಹಳೆಯ ಸ್ಯಾಡ್ಲ್‌ನಿಂದಲೇ ಅಳೆದೆ, ಸುಮಾರು 21 ಮಿ.ಮೀ. ಎತ್ತರದ ಸ್ಕ್ರೂಗಳಿಗೆ 2.5 ಮಿ.ಮೀ. ಡ್ರಿಲ್ ಹಾಕಿಸಿ ಎಂ3 (3 ಮಿ.ಮೀ. ಸ್ಕ್ರೂವಿನ) ಟ್ಯಾಪ್ ಹೊಡೆಸಿ ಒಳಗೆ ಥ್ರೆಡ್ ಮಾಡಿಸಿದೆ. ಇಷ್ಟು ಸಣ್ಣ ಕೆಲಸವೆಂದು ಮೇಸ್ತ್ರಿಯವರು ಮೊದಲು ಒಪ್ಪಲಿಲ್ಲ. ಹಳೆಯ ತುಂಡನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ತಿರುಗಿಸಿ ನೋಡಿದ ಮೇಲೆ, "ಬಿಟ್ಟು ಹೋಗಿ, ಸಂಜೆ ಬನ್ನಿ" ಎಂದರು. ಕೂಲಿ ನಾಲ್ಕುನೂರೋ ಐನೂರೋ ಆಯಿತು.

ಎಲ್ಲರೂ ಅನುಮಾನಪಟ್ಟದ್ದು ಇಂಟೊನೇಶನ್ ಬಗ್ಗೆ, ಅಂದರೆ ತಂತಿಯನ್ನು ಎಲ್ಲಿ ಒತ್ತಿದರೂ ಶ್ರುತಿ ಸರಿ ಬರುವ ಬಗ್ಗೆ. ನೇರವಾದ ಉರುಳೆಯಲ್ಲಿ ಜೋಡಿಯ ಒಂದು ತಂತಿಯನ್ನು ಹನ್ನೆರಡನೆಯ ಫ್ರೆಟ್ಟಿನಲ್ಲಿ (ಕತ್ತಿನ ಮೇಲಿನ ಲೋಹದ ಪಟ್ಟಿಯಲ್ಲಿ) ಸರಿಪಡಿಸಿದರೆ ಇನ್ನೊಂದು ತಪ್ಪುತ್ತದೆ. ನನ್ನ ಟ್ಯೂನರಿನಲ್ಲಿ ಮೂರನೆಯ ತಂತಿ ಆರೇಳು ಸೆಂಟ್ (ಒಂದು ಸೆಂಟ್ ಎಂದರೆ ಅರೆಸ್ವರದ ನೂರನೇ ಒಂದು ಪಾಲು) ಏರಿಯೇ ನಿಲ್ಲುತ್ತಿತ್ತು. ಆದ್ದರಿಂದ ಹಿಂದಿನಿಂದ ಬರುವ ಉದ್ದದ ಸ್ಕ್ರೂವಿನ ತೂತನ್ನು ನೇರ ಕೊರೆಯಿಸದೆ ಓರೆಯಾಗಿ ಕೊರೆಯಿಸಿದೆ. ಸ್ಕ್ರೂ ನೇರವಿದ್ದರೂ ಉರುಳೆ ಓರೆಯಾಗಿ ಕೂರುತ್ತದೆ. ಆರನೆಯ, ಮೂರನೆಯ ಮತ್ತು ಎರಡನೆಯ ತಂತಿಗಳ ಬದಿ ಹಿಂದಕ್ಕೆ ಸರಿಯುತ್ತದೆ. ಈಗ ಯಾವ ತಂತಿಯೂ ಎರಡು ಸೆಂಟ್‌ಗಿಂತ ಹೆಚ್ಚು ತಪ್ಪುವುದಿಲ್ಲ, ಮತ್ತು ಈ ಲೆಕ್ಕವನ್ನು ನಾನು ಯಾರ ಮುಂದೆ ಬೇಕಾದರೂ ತೋರಿಸಬಲ್ಲೆ. ಓರೆಯ ಕೋನವೆಷ್ಟು, ಡ್ರಿಲ್ ಜಾರದಂತೆ ಉರುಳೆಯನ್ನು ಹಿಡಿಸಿದ್ದು ಹೇಗೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಕಂಚನ್ನೂ ನೋಡಿದೆ. ಒಡೆದ ಹಳೆಯ ಉರುಳಿ ಪಾತ್ರೆಯ ದಪ್ಪ ಅಂಚಿನಿಂದ ತುಂಡು ಕೊಯ್ಯಿಸಿದಾಗ ಅದರ ದನಿ ಕೇಳಿ ಬಹಳ ಆಸೆಪಟ್ಟಿದ್ದೆ, ಆದರೆ ತವರ ಹೆಚ್ಚಿರುವ ಆ ಲೋಹ ಪೆಡಸು. ಟ್ಯಾಪ್ ಒಳಗೇ ಮುರಿದು ಇನ್ನೂರು ರೂಪಾಯಿ ಹೆಚ್ಚು ತೆರಬೇಕಾಯಿತು. ಅಲ್ಯುಮಿನಿಯಂ ಸುಲಭವಾಗಿ ಕಡೆಯಬಹುದು, ಆದರೆ ಕೆಲವೇ ವಾರಗಳಲ್ಲಿ ಸುತ್ತುತಂತಿಗಳು (ಮೇಲೆ ಸಣ್ಣ ತಂತಿ ಸುತ್ತಿದ ದಪ್ಪ ತಂತಿಗಳು) ಅದನ್ನು ಆಳವಾಗಿ ಕೊರೆದವು.

ಮೊದಲ ಹಿತ್ತಾಳೆ ಸೆಟ್ಟೂ ಒಂದೇ ಮಳೆಗಾಲಕ್ಕೆ ಕೈಕೊಟ್ಟಿತು. ಊರಿನ ಅಂಗಡಿಯಲ್ಲಿ ಸಿಕ್ಕಿದ್ದು ಕಪ್ಪು ಉಕ್ಕಿನ ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ಮಾತ್ರ. ಉಪ್ಪಿನ ತೇವದಲ್ಲಿ ಹಿತ್ತಾಳೆಗೆ ತಾಗಿಕೊಂಡಿರುವ ಉಕ್ಕು ತಾನೇ ಮೊದಲು ಸವೆಯುವುದರಿಂದ ಆ ಸ್ಕ್ರೂಗಳು ತುಕ್ಕಿನ ಮುದ್ದೆಯಾದವು. ಆ ಬಳಿಕ ಸ್ಟೇನ್‌ಲೆಸ್ ಸ್ಕ್ರೂಗಳನ್ನು ತರಿಸಿ, ಸ್ವಲ್ಪ ಗ್ರೀಸ್ ಸವರಿ ಹಾಕಿದೆ. ನೂರು ರೂಪಾಯಿಯ ಆಸುಪಾಸಿನ ಆ ಒಂದು ಬದಲಾವಣೆಯೇ ಕೆಲಸವನ್ನು ಗೆಲ್ಲಿಸಿತು. ತಂತಿ ಕೂರುವ ಗೀರನ್ನು ಸೂಜಿ ಅರದಿಂದ ತಂತಿಯ ಅರ್ಧ ದಪ್ಪಕ್ಕಿಂತ ಆಳವಾಗಿಸದೆ ಹಾಕಿ, ಎರಡು ಸಾವಿರ ಗ್ರಿಟ್ಟಿನ ನಯವಾದ ನೀರುಕಾಗದದಲ್ಲಿ ಉಜ್ಜಿದ್ದೇನೆ. ಅಂದಿನಿಂದ ಒಂದನೆಯ ತಂತಿ ಸ್ಯಾಡ್ಲ್‌ನ ಬಳಿ ತುಂಡಾಗಿಲ್ಲ.

ಅನುಮಾನಪಟ್ಟ ಗೆಳೆಯರಲ್ಲಿ ಇಬ್ಬರು ಈಗ ತಮ್ಮ ಗಿಟಾರುಗಳಿಗೂ ಇದನ್ನೇ ಹಾಕಿಸಿಕೊಂಡಿದ್ದಾರೆ. ಮುಂದೆ ಫೆಂಡರ್‌ನದೇ ಇನ್ನೊಂದು ಮಾದರಿಯಾದ ಸ್ಟ್ರಾಟೊಕಾಸ್ಟರಿನ ಆರು ಸ್ಯಾಡ್ಲ್‌ಗಳನ್ನು ಮಾಡಿಸಬೇಕೆಂದಿದ್ದೇನೆ. ಅಲ್ಲಿ ಸ್ಯಾಡ್ಲ್‌ಗಳು ಒಂದಕ್ಕೊಂದು ಒತ್ತಿ ಕೂರುವುದರಿಂದ ಅಗಲ ತಪ್ಪುವಂತಿಲ್ಲ: ಹಳೆಯ ಮಾದರಿಗೆ ಸುಮಾರು 11.3 ಮಿ.ಮೀ., ಈಗಿನ ಹಲವಕ್ಕೆ 10.5. ಹನ್ನೆರಡು ಮಿ.ಮೀ. ಹಿತ್ತಾಳೆ ಪಟ್ಟಿಯನ್ನು ಆ ಅಳತೆಗೆ ಇಳಿಸಲು ಮಿಲ್ಲಿಂಗ್ ಕೂಲಿ ಎಷ್ಟಾದೀತೆಂದು ಮೇಸ್ತ್ರಿಯವರಲ್ಲಿ ಕೇಳಿದ್ದೇನೆ.