ಬೀಜದ ಟಗರು ಆರಿಸುವುದು ಹೇಗೆ? ಮೊದಲು ಅದರ ಅವ್ವನನ್ನು ನೋಡಿ

ಬಕ್ರೀದ್ ಹತ್ತಿರ ಬಂತು ಅಂದರೆ ನಮ್ಮ ಕೊಪ್ಪಳ, ರಾಯಚೂರು ಕಡೆ ಕುರಿ ದೊಡ್ಡಿಗಳಿಗೆ ವ್ಯಾಪಾರಿಗಳು ಬರುತ್ತಾರೆ. ಬಂದವರು ಯಾವ ಮರಿಗೆ ಕೈ ಹಾಕುತ್ತಾರೆ? ಎತ್ತರ ಇರುವುದಕ್ಕೆ, ಬೆನ್ನು ಅಗಲ ಇರುವುದಕ್ಕೆ. ಒಳ್ಳೆ ರೇಟು ಬಂತಲ್ಲ ಅಂತ ನಾವೂ ಕೊಟ್ಟುಬಿಡುತ್ತೇವೆ. ಯಾರಿಗೂ ಬೇಡವಾದ ಸಣಕಲು ಗಂಡುಮರಿ ಹಿಂಡಿನಲ್ಲೇ ಉಳಿಯುತ್ತದೆ, ಏಳೆಂಟು ತಿಂಗಳಿಗೆಲ್ಲ ಬೆದೆಗೆ ಬಂದ ಕುರಿಗಳ ಹಿಂದೆ ಬೀಳುತ್ತದೆ, ಮುಂದಿನ ಮರಿಗಳಿಗೆ ಅದೇ ಅಪ್ಪ. ಹತ್ತು ವರ್ಷ ಹೀಗೆ ಮಾಡಿ, ಆಮೇಲೆ ಕಟ್ಟೆ ಮೇಲೆ ಕೂತು "ಮೊದಲಿನಂಥ ಕೆಂಗುರಿ ಈಗ ಎಲ್ಲಿದಾವೆ" ಅನ್ನುತ್ತೇವೆ. ಕೆಡಿಸಿದ್ದು ನಾವೇ ಅಲ್ವಾ?

ಲೆಕ್ಕ ಸರಳ. ಒಂದು ಕುರಿ ಕಳಪೆಯಾದರೆ ವರ್ಷಕ್ಕೆ ಒಂದೋ ಎರಡೋ ಮರಿ ಕಳಪೆ. ಟಗರು ಕಳಪೆಯಾದರೆ ಇಡೀ ವರ್ಷದ ಮರಿಗಳೆಲ್ಲ ಅದರ ಪಾಲು ಹೊತ್ತೇ ಹುಟ್ಟುತ್ತವೆ.

ಮರಿ ಮಾರಲಿಕ್ಕೋ, ಇಟ್ಟುಕೊಳ್ಳಲಿಕ್ಕೋ?

ಸಂತೆಗೆ ಹೋಗುವ ಮೊದಲು ಇದನ್ನು ತೀರ್ಮಾನ ಮಾಡಿ. ಈಗ ಹುಡುಗರು ಮೊಬೈಲಿನಲ್ಲಿ ಇಂಗ್ಲೆಂಡಿನ ಹ್ಯಾಂಪ್‌ಶೈರ್ ಟಗರು ತೋರಿಸಿ "ಇಂಥದ್ದು ತರೋಣ" ಅನ್ನುತ್ತಾರೆ. ಕಪ್ಪು ಮೂತಿ, ಮೈತುಂಬ ಉಣ್ಣೆ, ತೊಡೆ ನೋಡಿದರೆ ದಿಂಬು. ಮಾಂಸಕ್ಕೆ ಒಳ್ಳೆ ತಳಿ, ಇಲ್ಲ ಅನ್ನುವುದಿಲ್ಲ. ಆದರೆ ಆ ಕಡೆ ಅದನ್ನು ಹೆಚ್ಚಾಗಿ ಬೇರೆ ತಳಿಯ ಕುರಿಗೆ ಕೂಡಿಸಿ, ಹುಟ್ಟಿದ ಮರಿಯನ್ನೆಲ್ಲ ಮಾಂಸಕ್ಕೇ ಮಾರುತ್ತಾರೆ. ನಾವು ಹಾಗಲ್ಲ. ಗಂಡುಮರಿ ಮಾರಿ ಹೆಣ್ಣುಮರಿ ಇಟ್ಟುಕೊಳ್ಳುತ್ತೇವೆ. ಆ ಹೆಣ್ಣುಮರಿ ನಾಳೆ ನಲವತ್ತು ಡಿಗ್ರಿ ಬಿಸಿಲಲ್ಲಿ ಮೈಲಿಗಟ್ಟಲೆ ನಡೆಯಬೇಕು, ಜಾಲಿಕಾಯಿ ತಿಂದು ಮರಿಗೆ ಹಾಲು ಕೊಡಬೇಕು. ಅದಕ್ಕೆ ಇಲ್ಲಿ ಕೆಂಗುರಿ, ಬಳ್ಳಾರಿ ಕಡೆ ಬಳ್ಳಾರಿ ಕುರಿ, ಇವೇ ಸರಿ. ಇಂಗ್ಲೆಂಡಿನವರಿಂದ ಕಲಿಯಬೇಕಾದದ್ದು ತೂಕ ಬರೆದಿಡುವ ಅಭ್ಯಾಸ.

ಅವಳಿ ಮರಿ ಬೇಕು ಅನ್ನುವವರು ಮಹಾರಾಷ್ಟ್ರದ ಫಲ್ಟಣದಲ್ಲಿ ಬೆಳೆಸಿದ ನಾರಿ ಸುವರ್ಣ ಟಗರಿನ ಬಗ್ಗೆ ಕೇಳಿರಬಹುದು. ಅವಳಿ ಜಾಸ್ತಿ ಆಗುವುದು ನಿಜ. ಎರಡು ಮರಿಗೆ ಸಾಕಾಗುವಷ್ಟು ಹಾಲು ಬರಬೇಕಾದರೆ ಮೇವು ಬೇಕು, ಅದು ಇಲ್ಲದಿದ್ದರೆ ಆ ಆಸೆ ಬಿಡಿ.

ಅವ್ವ ಯಾರು?

ನಮ್ಮ ಕಾಕಾ ಕುಷ್ಟಗಿ ತಾಲ್ಲೂಕಿನಲ್ಲಿ ಜೀವನಪೂರ್ತಿ ಕುರಿ ಕಾಯ್ದವರು. ಟಗರು ತರಲು ಹೊರಟಾಗ ಒಂದೇ ಮಾತು ಹೇಳಿದರು: "ತಮ್ಮಾ, ಟಗರು ಆಮ್ಯಾಲೆ ನೋಡು, ಮೊದಲ ಅದರವ್ವನ್ನ ನೋಡು." ಆಗ ನಾನು ನಕ್ಕಿದ್ದೆ. ಟಗರು ಹಾಲು ಕೊಡುವುದಿಲ್ಲ, ಆದರೆ ಅದರ ಹೆಣ್ಣುಮರಿಗಳು ಕೊಡಬೇಕು. ಆ ಗುಣ ಟಗರಿನ ಮೈಮೇಲೆ ಕಾಣುವುದಿಲ್ಲ, ಅದರ ತಾಯಿಯ ಕೆಚ್ಚಲಲ್ಲಿ ಕಾಣುತ್ತದೆ.

ಹಾಗಾಗಿ ಆದಷ್ಟು ಸಂತೆಯಲ್ಲಿ ಕೊಳ್ಳಬೇಡಿ, ಹಿಂಡಿಗೇ ಹೋಗಿ. ತಾಯಿಯನ್ನು ತೋರಿಸಿ ಅನ್ನಿ. ವರ್ಷ ವರ್ಷ ಈದಿದೆಯಾ, ಮರಿ ಉಳಿಸಿಕೊಂಡಿದೆಯಾ, ಕೆಚ್ಚಲಿನ ಎರಡೂ ಮೊಲೆ ಸರಿ ಇವೆಯಾ, ಕೇಳಿ. ಜೊತೆಗೆ ಹುಟ್ಟಿದ ಅಕ್ಕತಂಗಿಯರು ಇದ್ದರೆ ಅವನ್ನೂ ನೋಡಿ.

ಮತ್ತೆ, ಒಂದೇ ಮೇವು ತಿಂದ ಮರಿಗಳನ್ನು ಮಾತ್ರ ಹೋಲಿಸಿ. ಕಾಳಗಕ್ಕೆ ಅಂತ ಹಾಲು, ಮೊಟ್ಟೆ, ನೆನೆಸಿದ ಕಡಲೆ ಹಾಕಿ ಸಾಕಿದ ಟಗರು ದೊಡ್ಡದಾಗಿಯೇ ಇರುತ್ತದೆ, ಆದರೆ ಆ ಮೊಟ್ಟೆ ಮರಿಗೆ ಬಳುವಳಿ ಬರುವುದಿಲ್ಲ. ಹಿಂಡಿನ ಜೊತೆ ಮೇಯ್ದೂ ಓರಗೆಯವಕ್ಕಿಂತ ಮುಂದಿದೆಯಲ್ಲ, ಆ ಟಗರು ಬೇಕು. ನಿಮ್ಮ ಹಿಂಡಿನಲ್ಲೇ ಆರಿಸುವುದಾದರೆ ಗೋಣಿಚೀಲ ಕಟ್ಟಿದ ನೇತು ತಕ್ಕಡಿ ಸಾಕು. ಮರಿಗೆ ಮೂರು ತಿಂಗಳು ತುಂಬಿದಾಗ ಒಮ್ಮೆ, ಆರು ತಿಂಗಳು ತುಂಬಿದಾಗ ಒಮ್ಮೆ ತೂಗಿ, ಕಿವಿಯೋಲೆ ನಂಬರಿನ ಪಕ್ಕ ಬರೆಯಿರಿ. ಅವಳಿಯೋ ಒಂಟಿಯೋ ಅಂತಲೂ ಬರೆಯಿರಿ, ಯಾಕೆಂದರೆ ಹಾಲು ಹಂಚಿಕೊಂಡು ಬೆಳೆದ ಅವಳಿ ಮರಿ ಸ್ವಲ್ಪ ಹಗುರ ಇದ್ದ ಮಾತ್ರಕ್ಕೆ ಕಳಪೆ ಅಲ್ಲ.

ಕೈಯಿಂದ ಮುಟ್ಟಿ ನೋಡಿ

ಬಾಯಿ ತೆರೆಸಿ. ಹಾಲುಹಲ್ಲು ಬಿದ್ದು ಎರಡು ಅಥವಾ ನಾಲ್ಕು ದೊಡ್ಡ ಹಲ್ಲು ಬಂದ ಟಗರು ಒಳ್ಳೆಯದು, ಅಂದರೆ ಸುಮಾರು ಒಂದೂವರೆಯಿಂದ ಎರಡೂವರೆ ವರ್ಷ. ಕುರಿಗೆ ಮೇಲೆ ಮುಂದಿನ ಹಲ್ಲು ಇರುವುದಿಲ್ಲ. ಕೆಳಗಿನ ಹಲ್ಲು ಮೇಲಿನ ಗಟ್ಟಿ ವಸಡಿಗೆ ಸರಿಯಾಗಿ ಕೂಡಬೇಕು. ಹಿಂದೆ ಮುಂದೆ ಇದ್ದರೆ ಮೇಯಲು ಕಷ್ಟ, ಆ ದೋಷ ಮರಿಗೂ ಬರಬಹುದು. ಕೆಳಗಿನ ಕಣ್ರೆಪ್ಪೆ ಎಳೆದು ನೋಡಿ: ಒಳಗೆ ಕೆಂಪಗಿದ್ದರೆ ಸರಿ, ಬಿಳಿಚಿಕೊಂಡಿದ್ದರೆ ಹೊಟ್ಟೆಯಲ್ಲಿ ಹುಳ ಇರಬಹುದು. ಕಲ್ಲು ನೆಲದ ಮೇಲೆ ನಡೆಸಿ, ಹಿಂದಿನಿಂದ ನೋಡಿ. ಬೆದೆಯ ಕಾಲದಲ್ಲಿ ಟಗರಿನ ಭಾರವೆಲ್ಲ ಹಿಂಗಾಲಿನ ಮೇಲೆ, ಹಿಂಗಾಲು ಕುಂಟುವ ಟಗರು ಎಷ್ಟು ಚಂದ ಇದ್ದರೂ ಬೇಡ.

ಇನ್ನು ಬೀಜ. ನಾಚಿಕೆ ಬೇಡ, ಹಿಂದೆ ಕೂತು ಎರಡೂ ಕೈಯಿಂದ ಹಿಡಿದು ನೋಡಿ. ಎರಡೂ ಒಂದೇ ಗಾತ್ರ ಇರಬೇಕು, ಚೀಲದೊಳಗೆ ಸರಾಗವಾಗಿ ಜಾರಬೇಕು, ಬಿಗಿ ಇರಬೇಕು ಆದರೆ ಕಲ್ಲಿನಂತೆ ಇರಬಾರದು. ಕೆಳತುದಿಯಲ್ಲಿ ಸಣ್ಣ ಉಬ್ಬು ಎರಡಕ್ಕೂ ಇರುತ್ತದೆ, ಅದು ಸಹಜ. ಒಂದು ಕಡೆ ಮಾತ್ರ ದಪ್ಪ, ಗಟ್ಟಿ ಗಂಟು ಸಿಕ್ಕರೆ ಬಿಡಿ. ಒಂದೇ ಬೀಜ ಇಳಿದಿದ್ದರೂ ಬಿಡಿ. ದೊಡ್ಡ ಬೀಜ ಇರುವ ಟಗರಿನ ಹೆಣ್ಣುಮರಿಗಳು ಬೇಗ ಬೆದೆಗೆ ಬರುವುದೂ ಉಂಟು.

ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ಕೊಂಬು ನೋಡಿ ಮರುಳಾಗಿ ಸಂತೆಯಲ್ಲಿ ಒಂದು ಟಗರು ಹಿಡಿದೆ. ಮೂವತ್ತೆರಡು ಕುರಿಗೆ ಬಿಟ್ಟೆ. ಐದು ತಿಂಗಳು ಕಳೆದ ಮೇಲೆ ಒಂಬತ್ತು ಮರಿ ಹುಟ್ಟಿದವು. ಡಾಕ್ಟರು ಬಂದು ಮುಟ್ಟಿ, ನನ್ನ ಕೈಯನ್ನೂ ಅಲ್ಲೇ ಇಟ್ಟರು. ಎಡಗಡೆ ಹುಣಸೆಬೀಜದಷ್ಟು ಗಟ್ಟಿ ಗಂಟು. ಕೊಳ್ಳುವ ದಿನ ಅರ್ಧ ನಿಮಿಷ ಮುಟ್ಟಿದ್ದರೆ ಗೊತ್ತಾಗುತ್ತಿತ್ತು.

ಯಾವಾಗ ತರಬೇಕು?

ಬೆದೆ ಶುರುವಾಗುವ ಎರಡು ತಿಂಗಳು ಮೊದಲು. ಟಗರಿನ ಮೈಯಲ್ಲಿ ವೀರ್ಯ ತಯಾರಾಗಲು ಸುಮಾರು ಏಳು ವಾರ ಬೇಕು. ಹಾಗಾಗಿ ಏಪ್ರಿಲ್‌ನಲ್ಲಿ ಜ್ವರ ಬಂದರೆ, ಲಾರಿಯಲ್ಲಿ ಬಿಸಿಲಿಗೆ ಬೆಂದರೆ, ಅದರ ಪೆಟ್ಟು ಮುಂಗಾರಿಗೆ ತಟ್ಟುತ್ತದೆ. ಮೃಗಶಿರಾ ಮಳೆಗೆ ಗಬ್ಬ ಕಟ್ಟಿದರೆ ದೀಪಾವಳಿ ಹೊತ್ತಿಗೆ ಮರಿ. ಬೇಸಿಗೆ ಪೂರ್ತಿ ಟಗರಿಗೆ ಬೇವಿನ ನೆರಳು, ತಣ್ಣೀರು ಇರಲಿ.

ತಂದ ಟಗರನ್ನು ಮೂರು ನಾಲ್ಕು ವಾರ ಬೇರೆ ಕಟ್ಟಿ. ಜಂತಿನ ಔಷಧಿ, ಪಿಪಿಆರ್ ಅನ್ನುವ ಅಂಟುರೋಗದ ಲಸಿಕೆ, ಬ್ರುಸೆಲ್ಲಾ ರಕ್ತ ಪರೀಕ್ಷೆ, ಇವನ್ನು ಪಶು ಆಸ್ಪತ್ರೆಯಲ್ಲಿ ಕೇಳಿ ಮಾಡಿಸಿ. ಬ್ರುಸೆಲ್ಲಾ ಬಂದರೆ ಕುರಿ ಕಂದು ಹಾಕುತ್ತವೆ (ಗರ್ಭಪಾತ), ನಮಗೂ ಅಂಟುತ್ತದೆ.

ಬಿಟ್ಟ ಮೇಲೆ

ಪ್ರಾಯದ ಟಗರಿಗೆ 25ರಿಂದ 30 ಕುರಿ, ಎಳೇ ಟಗರಿಗೆ 15ರಿಂದ 20. ಉಳಿದ ಗಂಡುಮರಿಗಳನ್ನು ನಾಲ್ಕು ತಿಂಗಳೊಳಗೆ ಬೇರೆ ಮಾಡಿ ಅಥವಾ ಬೀಜ ಒಡೆಸಿ. ಇಲ್ಲದಿದ್ದರೆ ಇಷ್ಟೆಲ್ಲ ಆರಿಸಿದ್ದು ಸುಮ್ನೆ.

ಟಗರಿನ ಎದೆಗೆ ಎಣ್ಣೆಯಲ್ಲಿ ಕಲಸಿದ ಬಣ್ಣ ಹಚ್ಚಿ. ಅದು ಹತ್ತಿದ ಕುರಿಯ ಬೆನ್ನಿಗೆ ಅಂಟುತ್ತದೆ. ಬೇರೆ ಕಡೆ ಕೆಮ್ಮಣ್ಣು ಹಚ್ಚುತ್ತಾರೆ, ಕೆಂಗುರಿ ಮೇಲೆ ಕೆಮ್ಮಣ್ಣು ಹಚ್ಚಿ ಏನು ಕಾಣಬೇಕು! ರಂಗೋಲಿಯ ಹಳದಿ ಪುಡಿ ಚೆನ್ನಾಗಿ ಕಾಣುತ್ತದೆ. ಕುರಿ 17 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಅಷ್ಟು ದಿನ ಆದ ಮೇಲೆ ನೀಲಿ ಹಚ್ಚಿ. ಹಳದಿ ಬೆನ್ನಿನ ಮೇಲೆ ಮತ್ತೆ ನೀಲಿ ಬಿದ್ದರೆ ಆ ಕುರಿ ಗಬ್ಬ ನಿಂತಿಲ್ಲ. ಒಂದೆರಡಾದರೆ ಪರವಾಗಿಲ್ಲ, ಅರ್ಧ ಹಿಂಡಿಗೆ ನೀಲಿ ಬಿದ್ದರೆ ಅದೇ ವಾರ ಟಗರು ಬದಲಿಸಿ, ಐದು ತಿಂಗಳು ಕಾಯಬೇಡಿ.

ಎರಡು ವರ್ಷ ಆದ ಮೇಲೆ ಟಗರು ಎಷ್ಟೇ ಒಳ್ಳೆಯದಿರಲಿ ಹಿಂಡಿನಿಂದ ಹೊರಗೆ. ಅಷ್ಟರಲ್ಲಿ ಅದರದೇ ಹೆಣ್ಣುಮರಿಗಳು ಬೆದೆಗೆ ಬಂದಿರುತ್ತವೆ. ಒಳ್ಳೆ ಟಗರನ್ನು ಕಸಾಯಿಗೆ ಹಾಕುವ ಬದಲು ಪಕ್ಕದ ಊರಿನ ಬೀಗರ ಹಿಂಡಿನ ಟಗರಿಗೆ ಅದಲುಬದಲು ಮಾಡಿಕೊಳ್ಳಿ. ಬೀಗರಾದರೂ ರಕ್ತ ಪರೀಕ್ಷೆ ಮಾತ್ರ ಬಿಡಬೇಡಿ.