ಬಿಸಿನೀರಿನ ಚೀಲ ಇಟ್ಟು ಬೈಕಿನ ಸ್ಟಿಕ್ಕರ್ ಕಿತ್ತೆ, ಬಣ್ಣ ಉಳಿಯಿತು

‘ಬಣ್ಣ ಹೊಡೆಸದೆ ಟ್ಯಾಂಕಿನ ಈ ಸ್ಟಿಕ್ಕರ್ ಹೋಗುವುದಿಲ್ಲ’ ಎಂದು ಮೂವರು ಹೇಳಿದ್ದರು. ಒಬ್ಬರು ಪೇಂಟರ್, ಒಬ್ಬರು ಮೆಕ್ಯಾನಿಕ್, ಮೂರನೆಯವನು ನನ್ನ ತಮ್ಮ. ತಮ್ಮನಿಗೆ ಬೈಕಿನ ವಿಷಯ ಏನೂ ಗೊತ್ತಿಲ್ಲ, ಆದರೂ ಹೇಳಿದ. ಈಗ ಮೂವರೂ ಟ್ಯಾಂಕಿನ ಮೇಲೆ ಬೆರಳಾಡಿಸಿ ಸ್ಟಿಕ್ಕರ್ ಎಲ್ಲಿತ್ತು ಎಂದು ಹುಡುಕುತ್ತಾರೆ.

ಹತ್ತು ಹನ್ನೊಂದು ವರ್ಷದ ಬೈಕ್, ನಾನು ಅದರ ಮೂರನೆಯ ಮಾಲೀಕ. ಕೆಂಪು ಟ್ಯಾಂಕಿನ ಎರಡೂ ಬದಿಗೆ ಬೆಂಕಿಯ ಜ್ವಾಲೆ, ಸೈಡ್ ಪ್ಯಾನೆಲ್‌ಗಳ ಮೇಲೆ ಬೆಳಕು ಬಿದ್ದರೆ ಹೊಳೆಯುವ ರಿಫ್ಲೆಕ್ಟಿವ್ ಪಟ್ಟಿ, ಮಡ್‌ಗಾರ್ಡ್ ಮೇಲೆ ರೆಕ್ಕೆ ಬಿಚ್ಚಿದ ಹದ್ದು. ಕಂಪನಿಯ ಹೆಸರು ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರದ, ಕೆಳಗಿತ್ತು. ಉಗುರಿಗೆ ಅಂಚು ಸಿಗದಿದ್ದರೆ ಅದನ್ನು ಮುಟ್ಟಬಾರದೆಂದು ನಿಮಗೇ ಗೊತ್ತು, ನಾನೂ ಮುಟ್ಟಲಿಲ್ಲ. ನಾನು ಮಾಡಿದ ಒಂದೇ ಜಾಣತನ ಅಲ್ಲಿಯವರೆಗೆ ಅದೇ.

ಚಿಕ್ಕದೆಂದು ಹದ್ದಿನಿಂದ ಶುರು ಮಾಡಿದೆ, ಬಣ್ಣ ತೆಳುಮಾಡುವ ಥಿನ್ನರ್ ಹಾಕಿ. ಆ ಮಡ್‌ಗಾರ್ಡಿಗೆ ಹಿಂದಿನವರು ಯಾವಾಗಲೋ ಸ್ಪ್ರೇ ಡಬ್ಬಿಯಿಂದ ಬಣ್ಣ ಹೊಡೆದಿದ್ದರು. ಎರಡನೆಯ ಸಲ ಒರೆಸುವಾಗಲೇ ಬಟ್ಟೆ ಕೆಂಪಾಯಿತು. ಹದ್ದು ಹೋಯಿತು, ಅದು ಹಾರುತ್ತಿದ್ದ ಆಕಾಶವೂ ಹೋಯಿತು. ಸೀಟಿನ ಕೆಳಗೆ ಒಂದು ಹನಿ ಹಾಕಿ ನೋಡಿದ್ದರೆ ಸಾಕಿತ್ತು ಎಂದು ನೀವು ಹೇಳುವಿರಿ. ಸೀಟಿನ ಕೆಳಗೂ ನೋಡಿದ್ದೆ. ಅಲ್ಲಿ ಕಂಪನಿಯ ಬಣ್ಣ ಇತ್ತು, ಅಲುಗಾಡಲಿಲ್ಲ. ಪ್ರತಿ ಭಾಗವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕೆಂದು ಅಂದು ಕಲಿತೆ.

ಎರಡನೆಯದು ಎಡಗಡೆಯ ಸೈಡ್ ಪ್ಯಾನೆಲ್. ಎರವಲು ತಂದ, ಬಿಸಿಗಾಳಿ ಊದುವ ಹೀಟ್ ಗನ್‌ನ ಕನಿಷ್ಠ ಸೆಟ್ಟಿಂಗೇ ಸುಮಾರು 300 ಡಿಗ್ರಿ. ಪ್ಯಾನೆಲ್ ಮಾಡಿರುವ ಎಬಿಎಸ್ ಪ್ಲಾಸ್ಟಿಕ್ ನೂರು ದಾಟುತ್ತಿದ್ದಂತೆ ಮೆತ್ತಗಾಗುತ್ತದೆ. ಫೋನ್ ಬಂತು, ತಲೆ ಎತ್ತಿದೆ, ಅಷ್ಟೇ. ಪ್ಯಾನೆಲ್ ಅಲೆಅಲೆಯಾಗಿ ಎದ್ದು ನಿಂತಿತು. ಹಳೆಯ ಪ್ಯಾನೆಲ್ ಹುಡುಕಿ ತಂದದ್ದು, ಮಡ್‌ಗಾರ್ಡಿಗೆ ಮತ್ತೆ ಬಣ್ಣ ಹೊಡೆಸಿದ್ದು ಎಲ್ಲ ಸೇರಿಸಿದರೆ, ಟ್ಯಾಂಕಿಗೆ ಪೇಂಟರ್ ಕೇಳಿದ ಹಣದ ಅರ್ಧಕ್ಕೂ ಹೆಚ್ಚು ಖರ್ಚಾಗಿತ್ತು. ಟ್ಯಾಂಕಿಗೆ ನಾನಿನ್ನೂ ಕೈಯನ್ನೇ ಹಚ್ಚಿರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ದೊಣ್ಣೆಯೂ ನಾನೇ, ಕುಂಬಾರನಿಗೆ ದುಡ್ಡು ಕೊಡುವವನೂ ನಾನೇ.

ಹೇರ್ ಡ್ರೈಯರ್ ಸಾಕು ಎಂದು ಎಲ್ಲರೂ ಹೇಳುತ್ತಾರೆ. ಸಾಕು, ನಿಜ. ಆದರೆ ಅದರೊಳಗೆ ಕೆಂಪಗೆ ಕಾಯುವ ತಂತಿಯನ್ನು ಪೆಟ್ರೋಲ್ ಟ್ಯಾಂಕಿನ ಪಕ್ಕ ಹಿಡಿಯಲು ನನಗೆ ಮನಸ್ಸಾಗಲಿಲ್ಲ. ಪೆಟ್ರೋಲ್ ಖಾಲಿ ಮಾಡಿದರೆ ಇನ್ನೂ ಕಷ್ಟ, ಬರಿದಾದ ಟ್ಯಾಂಕಿನೊಳಗೆ ಆವಿಯೇ ತುಂಬಿರುತ್ತದೆ. ಟ್ಯಾಂಕಿನೊಳಗೆ ಬಿಸಿನೀರು ತುಂಬುವ ಯೋಚನೆಯೂ ಬಂದಿತ್ತು. ತುಕ್ಕು ನೆನಪಾಗಿ ಬಿಟ್ಟೆ. ಆಗ ಕಣ್ಣಿಗೆ ಬಿದ್ದದ್ದು ಬೆನ್ನುನೋವಿಗೆ ಇಡುವ ರಬ್ಬರಿನ ಬಿಸಿನೀರಿನ ಚೀಲ. ಮೆಕ್ಯಾನಿಕ್ ‘ಟ್ಯಾಂಕಿಗೆ ಜ್ವರವೇ?’ ಎಂದು ಕೇಳಿದ.

ನಗಲಿ. ಚೀಲ ಟ್ಯಾಂಕಿನ ಉಬ್ಬಿಗೆ ತಾನಾಗಿಯೇ ಬಾಗಿ ಕೂರುತ್ತದೆ. ಒಳಗಿನ ನೀರು 65-70 ಡಿಗ್ರಿ ಇದ್ದರೆ ಬಣ್ಣ ಅದಕ್ಕಿಂತ ಹೆಚ್ಚು ಕಾಯುವ ಪ್ರಶ್ನೆಯೇ ಇಲ್ಲ, ಫೋನ್ ಬಂದರೂ ಚಿಂತೆಯಿಲ್ಲ. ಎರಡು ಚೀಲ ಇಟ್ಟುಕೊಂಡು ಒಂದನ್ನು ತೆಗೆದ ಕೂಡಲೇ ಇನ್ನೊಂದನ್ನು ಮುಂದಕ್ಕೆ ಇಡುತ್ತಿದ್ದೆ, ಐದೈದು ನಿಮಿಷ. ಟ್ಯಾಂಕಿನ ಉಕ್ಕು ಬೇಗ ತಣ್ಣಗಾಗುತ್ತದೆ. ಹೀಗಾಗಿ ಒಂದು ಸಲಕ್ಕೆ ಅಂಗೈಯಗಲಕ್ಕಿಂತ ಹೆಚ್ಚು ಬಿಚ್ಚುವ ಆಸೆ ಬೇಡ. ಬಿಚ್ಚಿದ ತುದಿಯನ್ನು ಮೇಲಕ್ಕೆ ಎಳೆಯದೆ, ಪೂರ್ತಿ ಹಿಂದಕ್ಕೆ ಮಡಚಿ, ಟ್ಯಾಂಕಿಗೆ ತಾಗಿದಂತೆಯೇ ನಿಧಾನವಾಗಿ ಎಳೆದೆ. ಎಡಗಡೆಯ ಜ್ವಾಲೆ ಮುಕ್ಕಾಲು ಗಂಟೆಯಲ್ಲಿ ನಾಲ್ಕೇ ತುಂಡಾಗಿ ಬಂತು.

ಬಲಗಡೆ ಸತಾಯಿಸಿತು. ವರ್ಷಗಟ್ಟಲೆ ಆ ಬದಿಯೇ ಬಿಸಿಲಿಗೆ ನಿಂತಿತ್ತೆಂದು ಕಾಣುತ್ತದೆ, ಸ್ಟಿಕ್ಕರಿನ ವಿನೈಲ್ ಪ್ಲಾಸ್ಟಿಕ್ ತರಗೆಲೆಯಾಗಿತ್ತು. ಉಗುರಿನಷ್ಟು ಉಗುರಿನಷ್ಟೇ ಕಿತ್ತು ಬರುತ್ತಿತ್ತು. ಎರಡು ಸಂಜೆ ಹೋದವು, ಕಾಲು ಭಾಗವೂ ಮುಗಿಯಲಿಲ್ಲ. ಮೂರನೆಯ ಸಂಜೆ ಆ ತರಗೆಲೆಯ ಮೇಲೆ ಗಟ್ಟಿ ಟೇಪ್ ಒತ್ತಿ ಅಂಟಿಸಿ, ಟೇಪಿನ ಮೇಲೆಯೇ ಚೀಲ ಇಟ್ಟು, ಎರಡನ್ನೂ ಒಟ್ಟಿಗೆ ಎಳೆದೆ. ಚೂರುಗಳೆಲ್ಲ ಟೇಪಿಗೆ ಅಂಟಿಕೊಂಡೇ ಬಂದವು. ಯಾವ ಟೇಪ್ ಎಂದು ಕೇಳಬೇಡಿ. ನಾಲ್ಕು ಸುರುಳಿ ಹಾಳು ಮಾಡಿ ಕಂಡುಕೊಂಡದ್ದು. ಕಳೆದ ವಾರ ಅದೇ ಪೇಂಟರ್ ಬಂದು ಕೇಳಿದರೂ ಹೇಳಲಿಲ್ಲ.

ಉಳಿದ ಅಂಟಿಗೆ ಸೀಮೆಎಣ್ಣೆ. ಬರೀ ಸೀಮೆಎಣ್ಣೆ ಬೇರೆ ಎಣ್ಣೆಗಿಂತ ಬೇಗ ಆರುತ್ತದೆ, ಅದಕ್ಕೆ ಸ್ವಲ್ಪ ಬೇರೆ ಎಣ್ಣೆ ಬೆರೆಸುತ್ತೇನೆ, ಅಳತೆ ನನ್ನಲ್ಲೇ ಇರಲಿ. ಹತ್ತಿಯನ್ನು ಅದರಲ್ಲಿ ನೆನೆಸಿ ಹಚ್ಚಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ 20 ನಿಮಿಷ ಬಿಟ್ಟರೆ ಅಂಟು ಬೆರಳಿಗೇ ಉರುಳಿ ಬರುತ್ತದೆ. ಕೆರೆಯುವುದೇ ಬೇಕಾಗಿಲ್ಲ. ಆಮೇಲೆ ಸೋಪಿನ ನೀರು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್.

ಅಂಟು ಉಜ್ಜಿ ತೆಗೆಯಲು ಡ್ರಿಲ್ಲಿಗೆ ಹಾಕುವ ರಬ್ಬರ್ ಚಕ್ರವನ್ನೂ ಕೊಂಡಿದ್ದೆ. ಅದೊಂದರ ಬೆಲೆಗೆ ಎರಡು ಚೀಲ ಬರುತ್ತಿದ್ದವು. ಪುಣ್ಯಕ್ಕೆ ಹಾಳಾದ ಮಡ್‌ಗಾರ್ಡಿನ ಮೇಲೆ ಮೊದಲು ನೋಡಿದೆ: ಅಂಟು ಹೋಯಿತು, ಆದರೆ ಒಂದೇ ಜಾಗದಲ್ಲಿ ಕ್ಷಣ ನಿಂತದ್ದಕ್ಕೆ ಉಂಗುರದಂತೆ ಸುಟ್ಟ ಗುರುತು. ಮಕ್ಕಳ ಪೆನ್ಸಿಲ್ ರಬ್ಬರ್ ಅಂಚಿನ ಅಂಟಿಗೆ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು.

ಎಲ್ಲ ಮುಗಿದ ಮೇಲೆ ಟ್ಯಾಂಕ್ ನೋಡಿದರೆ ಜ್ವಾಲೆ ಅಲ್ಲೇ ಇದೆ! ಸ್ಟಿಕ್ಕರ್ ಅಲ್ಲ, ಅದರ ನೆರಳು. ಕೆಳಗಿನ ಕೆಂಪು ಹೊಸದರಂತೆ ಉಳಿದಿತ್ತು, ಸುತ್ತಲಿನದು ಮಾಸಿತ್ತು. ಜ್ವಾಲೆಯ ಭಾಗ ಬಿಟ್ಟು ಸುತ್ತಲಿನ ಮಾಸಿದ ಕೆಂಪಿಗಷ್ಟೇ ಕೈಯಲ್ಲೇ ರಬ್ಬಿಂಗ್ ಕಾಂಪೌಂಡ್ (ಬಣ್ಣದ ಮೇಲ್ಮೈ ಉಜ್ಜಿ ಹೊಳಪು ತರುವ ಪೇಸ್ಟ್) ಉಜ್ಜಿದೆ, ಮೂರು ಸುತ್ತು. ಮುಕ್ಕಾಲು ಪಾಲು ಮರೆಯಾಯಿತು. ನಾಲ್ಕನೆಯ ಸುತ್ತಿಗೆ ಕೈ ತುರಿಸಿತು, ಆದರೆ ಕ್ಲಿಯರ್ ಕೋಟ್ ಇರುವುದೇ 40-50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು, ನಿಲ್ಲಿಸಿದೆ. ಸಂಜೆಯ ಓರೆ ಬಿಸಿಲಿನಲ್ಲಿ ಬಲಗಡೆ ಕುಳಿತು ನೋಡಿದರೆ ಜ್ವಾಲೆಯ ಒಂದು ನಾಲಗೆ ಈಗಲೂ ಕಾಣುತ್ತದೆ. ತಮ್ಮನಿಗೆ ಅದನ್ನು ತೋರಿಸಿಲ್ಲ.

ಬಲಗಡೆಯ ಸೈಡ್ ಪ್ಯಾನೆಲ್ ಮೇಲಿನ ರಿಫ್ಲೆಕ್ಟಿವ್ ಪಟ್ಟಿಗೆ ಮಾತ್ರ ಚೀಲ ಸೋತಿತು. ಮೇಲಿನ ಪದರ ಬಂತು, ಬೆಳ್ಳಿ ಬಣ್ಣದ ಕೆಳಪದರ ಹಾಗೆಯೇ ಕೂತಿದೆ. ಬದಲಿ ತಂದ ಎಡ ಪ್ಯಾನೆಲ್‌ನಲ್ಲಿ ಪಟ್ಟಿಯೇ ಇಲ್ಲ, ಹೀಗಾಗಿ ಬೈಕ್ ಸದ್ಯಕ್ಕೆ ಒಂದು ಬದಿಗೆ ಮಾತ್ರ ಹೊಳೆಯುತ್ತದೆ.